ಸಾಮು ಮಾಡುವ ಕೋಣೆಗೆ ಎಂತಹ ನೆಲ?

ಗಟ್ಟಿನ ನೇಕಾರ ಮನೆತನವೊಂದರ ಹಿರಿಯರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ. ಅವರ ಮನೆಯ ಪಡಸಾಲೆಗೆ ಹೊಂದಿಕೊಂಡ ಕೋಣೆಯಲ್ಲಿ ಬಹುಕಾಲ ಮಗ್ಗವಿದ್ದಿತು. ಈಗ ಮಗ್ಗವಿಲ್ಲ; ಕೋಣೆ ತೆರವಾಗಿದೆ. ಹೈದರಾಬಾದಿನಲ್ಲಿ ನೌಕರಿಯಲ್ಲಿರುವ ಮಗ ಹಬ್ಬಕ್ಕೆ ಬಂದಾಗ ಕಬ್ಬಿಣದ ಡಂಬೆಲ್ಲುಗಳನ್ನು ತಂದು ಅಲ್ಲಿರಿಸಿದ್ದಾನೆ. ಸೊಸೆಗೆ ಬೆಳಗಿನ ಹೊತ್ತು ಸೂರ್ಯನಮಸ್ಕಾರ ಹಾಗೂ ಆಸನಗಳ ಅಭ್ಯಾಸವುಂಟು. ಮನೆಯ ಯಜಮಾನಿಗೆ ಮೊಣಕಾಲು ನೋವು. ದಿನವೂ ಅರ್ಧ ತಾಸು ಕಾಲಿನ ವ್ಯಾಯಾಮ ಮಾಡಬೇಕೆಂದು ವೈದ್ಯರು ವಿಧಿಸಿದ್ದಾರೆ. ಹೀಗಾಗಿ ಆ ಕೋಣೆಯನ್ನು ಮನೆಮಂದಿಯೆಲ್ಲರ ವ್ಯಾಯಾಮಕ್ಕೆ ಮೀಸಲಿಡುವುದೆಂದು ನಿಶ್ಚಯವಾಗಿದೆ. ಕೋಣೆಯ ನೆಲಕ್ಕೆ ಇರುವುದು ಹಳೆಯ ಶಹಾಬಾದ ಬಂಡೆ. ಜಗಳ ಹುಟ್ಟಿರುವುದು ಇಲ್ಲಿಯೇ.

“ಅಪ್ಪಾ, ಈ ಬಂಡೆ ಕಿತ್ತು ಹೊಳಿಯೋ ಟೈಲ್ಸ್ ಹಾಕ್ಸೋಣು” ಎಂದು ಮಗನ ಹಟ. “ಅದರ ಮ್ಯಾಲೆ ನಾ ಜಾರಿ ಬಿದ್ರ ಎತ್ತವ್ರು ಯಾರಪಾ?” ಎಂದು ತಾಯಿಯ ಮಾತು. ಇಬ್ಬರ ನಡುವೆ ಸಿಕ್ಕಿದ ಯಜಮಾನರು ನಮ್ಮನ್ನು ಕೇಳಿದ್ದಾರೆ.

ತಾಯಿಯ ಮಾತಿನಲ್ಲಿ ಹೆಚ್ಚಿನ ತಿಳಿವಳಿಕೆಯಿದೆಯೆಂದು ಮೊದಲಿಗೇ ಹೇಳಿಬಿಡುವುದು ಒಳಿತು. ವ್ಯಾಯಾಮದ ಕೋಣೆಯನ್ನು ಸಜ್ಜುಗೊಳಿಸುವವರು ಸಾಧನಗಳನ್ನು ಕುರಿತು ತಿಂಗಳುಗಟ್ಟಲೆ ಯೋಚಿಸುತ್ತಾರೆ. ಗೋಡೆಯ ಬಣ್ಣವನ್ನೂ ಕನ್ನಡಿಯನ್ನೂ ಆರಿಸುತ್ತಾರೆ. ನೆಲವನ್ನು ಮಾತ್ರ ಕಣ್ಣಿಗೆ ಚೆಂದವಾಗಿ ಕಂಡರೆ ಸಾಕೆಂದು ಬಿಟ್ಟುಬಿಡುತ್ತಾರೆ. ಆದರೆ ದೇಹದ ಭಾರವೆಲ್ಲ ಬಂದು ತಲಪುವುದು ನೆಲಕ್ಕೆ. ಕೈತಪ್ಪಿದ ಕಬ್ಬಿಣ ಬೀಳುವುದು ನೆಲಕ್ಕೆ. ವ್ಯಾಯಾಮ ಮುಗಿದ ಮೇಲೆ ಅದೇ ಕೋಣೆಯನ್ನು ಹಾದು ಹಿತ್ತಲಿಗೆ ಹೋಗುವ ಮುದುಕಿ ಕಾಲಿಡುವುದೂ ಅದೇ ನೆಲದ ಮೇಲೆ.

ಗರಡಿಯ ಎರಡು ನೆಲ

ಈ ವಿಷಯದಲ್ಲಿ ನಮ್ಮ ಹಿರಿಯರಿಗೆ ಸ್ಪಷ್ಟವಾದ ಕಲ್ಪನೆಯಿದ್ದಿತೆಂಬುದಕ್ಕೆ ಗರಡಿಮನೆಗಳೇ ಸಾಕ್ಷಿ. ಮೈಸೂರಿನ ಹಳೆಯ ಗರಡಿಯೊಂದನ್ನು ಹೊಕ್ಕವರಿಗೆ ಮೊದಲು ಕಾಣುವುದು ನಡುವಿನ ಕೆಮ್ಮಣ್ಣಿನ ಅಖಾಡ. ಕಲ್ಲು ಹರಳುಗಳಿಲ್ಲದಂತೆ ಜರಡಿ ಹಿಡಿದ ಮಣ್ಣಿಗೆ ಎಣ್ಣೆ, ಅರಿಸಿನ ಮೊದಲಾದವನ್ನು ಬೆರೆಸಿ ಹದಗೊಳಿಸಿರುತ್ತಾರೆ. ಎಣ್ಣೆಯಿಂದ ಧೂಳು ಏಳುವುದಿಲ್ಲ. ಮಣ್ಣು ಮೈಗೆ ಒರಟಾಗಿ ಉಜ್ಜುವುದಿಲ್ಲ. ಕುಸ್ತಿಗೆ ಇಳಿಯುವ ಮುನ್ನ ಆ ಮಣ್ಣನ್ನು ಗುದ್ದಲಿಯಿಂದ ಅಗೆದು ಸಡಿಲಿಸಬೇಕು. ಎಳೆಯ ಹುಡುಗರಿಗೆ ಆ ಅಗೆತವೇ ಮೊದಲ ಸಾಮು. ಒಂದು ದಿನ ಅಗೆಯದೆ ಬಿಟ್ಟರೆ ಮಣ್ಣು ಬಿಗಿದುಕೊಳ್ಳುತ್ತದೆ. ಬಿಗಿದ ಮಣ್ಣಿನ ಮೇಲೆ ಎತ್ತಿ ಒಗೆಸಿಕೊಂಡವನ ಭುಜಕ್ಕೆ ಅದರ ಅರಿವಾಗುತ್ತದೆ.

ಆದರೆ ಗರಡಿಯಲ್ಲಿ ಇರುವುದು ಈ ಒಂದೇ ನೆಲವಲ್ಲ. ಅಖಾಡದ ಸುತ್ತಲಿನ ಜಾಗ ಗಟ್ಟಿಯಾದುದು. ದಂಡ ಹೊಡೆಯುವುದು, ಬಸ್ಕಿ ತೆಗೆಯುವುದು, ಗದೆ ತಿರುವುವುದು ಅಲ್ಲಿ. ಬೀಳುವ ಕಡೆ ಮೆತ್ತಗೆ, ನಿಲ್ಲುವ ಕಡೆ ಗಟ್ಟಿ: ಒಂದೇ ಸೂರಿನ ಕೆಳಗೆ ಎರಡು ಕೆಲಸಕ್ಕೆ ಎರಡು ನೆಲ. ಇಂದಿನ ಅಂಗಡಿಯವರು ಒಂದೇ ಬಗೆಯ ಹಾಸನ್ನು ತೋರಿಸಿ ‘ಎಲ್ಲದಕ್ಕೂ ನಡೆಯುತ್ತದೆ’ ಎಂದು ಹೇಳುವಾಗ ಈ ವಿವೇಕ ಮರೆತುಹೋಗಿರುತ್ತದೆ.

ನಮ್ಮ ಇನ್ನೊಂದು ಗಡಿಯಾದ ಕಾಸರಗೋಡಿನ ಓದುಗರು ಕಳರಿಯನ್ನು ಬಲ್ಲರು. ಸಾಂಪ್ರದಾಯಿಕ ಕುಳಿಕಳರಿಯೆಂದರೆ ನೆಲಮಟ್ಟದಿಂದ ಸುಮಾರು ಮೂರೂವರೆ ಅಡಿ ಆಳಕ್ಕೆ ಅಗೆದು ಮಾಡಿದ, 42 ಅಡಿ ಉದ್ದ 21 ಅಡಿ ಅಗಲದ ಅಭ್ಯಾಸದ ಅಂಕಣ. ಅದರ ತಳವೂ ಮಣ್ಣೇ. ದೂರದ ಇರಾನಿನ ‘ಜೂರ್‌ಖಾನೆ’ಗಳಲ್ಲಿಯೂ ಮಲ್ಲರು ವ್ಯಾಯಾಮ ಮಾಡುವುದು ತಗ್ಗಾದ ಎಂಟು ಮೂಲೆಯ ಅಂಕಣದಲ್ಲಿ. ಹಿಂದೆ ಅದರ ತಳಕ್ಕೆ ಒಣಗಿದ ಪೊದೆಕಡ್ಡಿ, ಬೂದಿ, ಜೇಡಿಮಣ್ಣುಗಳನ್ನು ಪದರಪದರವಾಗಿ ಹಾಸಿ, ಕಾಲಿಗೆ ಪುಟಿತ ಬರುವಂತೆ ಮಾಡುತ್ತಿದ್ದರು. ಆ ಜೂರ್‌ಖಾನೆಯ ಪರಂಪರೆಯನ್ನು 2010ರಲ್ಲಿ ಯುನೆಸ್ಕೋ ಸಂಸ್ಥೆ ತನ್ನ ಪಟ್ಟಿಗೆ ಸೇರಿಸಿತು. ನಮ್ಮ ನಿಜಾಮ ಸೀಮೆಯಲ್ಲಿ ಗರಡಿಗೆ ‘ತಾಲೀಮು’ ಎಂಬ ಹೆಸರು ಬಂದುದು ಅರಬ್ಬಿಯಿಂದ. ಹೆಸರು ಯಾವ ದೇಶದಿಂದ ಬಂದರೂ ನೆಲದ ಮಟ್ಟಿಗೆ ಎಲ್ಲ ದೇಶದ ಜಟ್ಟಿಗಳೂ ಒಂದೇ ತೀರ್ಮಾನಕ್ಕೆ ಬಂದಿದ್ದರೆಂಬುದು ಸೋಜಿಗದ ಸಂಗತಿ.

ನೆಲ ಬದಲಾದರೆ ವಿದ್ಯೆಯೇ ಬದಲಾಗುತ್ತದೆಂಬುದಕ್ಕೆ ಖಾಶಾಬಾ ಜಾಧವರ ದೃಷ್ಟಾಂತವುಂಟು. ಸಾತಾರಾ ಜಿಲ್ಲೆಯ ಕರಾಡದ ಬಳಿಯ ಗೋಳೇಶ್ವರ ಗ್ರಾಮದವರಾದ ಅವರು ಮಣ್ಣಿನ ಅಖಾಡದಲ್ಲಿ ಬೆಳೆದ ಪೈಲ್ವಾನರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಅವರು ಮೆತ್ತೆಯ ಹಾಸಿನ ಮೇಲೆ ಸೆಣಸಬೇಕಾಯಿತು. ಆರನೆಯ ಸ್ಥಾನ ದೊರೆಯಿತು. ಮುಂದಿನ ನಾಲ್ಕು ವರ್ಷಗಳ ಸಾಧನೆಯ ಫಲವಾಗಿ 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಗಳಿಸಿ, ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸಿನ ಮೊದಲ ವೈಯಕ್ತಿಕ ಪದಕವನ್ನು ತಂದರು. ಮಣ್ಣಿನಲ್ಲಿ ಕಾಲು ಹೂತು ನಿಲ್ಲುತ್ತದೆ; ಹಾಸಿನ ಮೇಲೆ ಹಾಗೆ ನಿಲ್ಲುವುದಿಲ್ಲ. ಹಿಡಿತ, ಪಟ್ಟು, ಹೆಜ್ಜೆ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಗುತ್ತದೆ.

ಇಷ್ಟನ್ನು ಓದಿ ಯಾರಾದರೂ ಮನೆಯೊಳಗೆ ಕೆಮ್ಮಣ್ಣಿನ ಅಖಾಡ ಮಾಡಹೊರಟರೆ ಅದು ನಮ್ಮ ಅಭಿಪ್ರಾಯವಲ್ಲವೆಂದು ತಿಳಿಯಬೇಕು. ದಿನದಿನವೂ ಅಗೆಯುವವರು, ನೀರು ಚಿಮುಕಿಸುವವರು, ಎಣ್ಣೆ ಬೆರೆಸುವವರು ಇಲ್ಲದ ಅಖಾಡ ಒಂದೇ ಬೇಸಗೆಯಲ್ಲಿ ಧೂಳಿನ ಗುಂಡಿಯಾಗುತ್ತದೆ. ನಾವು ಗರಡಿಯಿಂದ ಪಡೆಯಬೇಕಾದುದು ಎರಡು ನೆಲದ ಯೋಚನೆಯನ್ನು.

ಕಾಲಡಿಯ ಬಂಡೆ

ಗಟ್ಟು, ಗದ್ವಾಲ, ಮಕ್ತಲ, ನಾರಾಯಣಪೇಟೆಗಳ ಹಳೆಯ ಮನೆಗಳಲ್ಲಿ ನೆಲಕ್ಕೆ ಹಾಕಿರುವ ಬಂಡೆ, ಅಥವಾ ಕಲಬುರಗಿಯ ಕಡೆಯವರು ಹೇಳುವ ಫರಸಿ, ಒಂದು ಬಗೆಯ ಸುಣ್ಣದ ಕಲ್ಲು. ಭೀಮಾ ನದಿಯ ಸೀಮೆಯಲ್ಲಿ ಅದು ಪುಸ್ತಕದ ಹಾಳೆಗಳಂತೆ ಪದರಪದರವಾಗಿ ಹರಡಿಕೊಂಡಿದೆ. ಆದುದರಿಂದಲೇ ಚಪ್ಪಟೆಯಾಗಿ ಎಬ್ಬಿಸಿ ತೆಗೆಯುವುದು ಸುಲಭ. ಕಲಬುರಗಿ ಜಿಲ್ಲೆಯ ಶಹಾಬಾದಿನಲ್ಲಿ ತೆಗೆದರೆ ಶಹಾಬಾದ ಕಲ್ಲು, ತಾಂಡೂರಿನಲ್ಲಿ ತೆಗೆದರೆ ತಾಂಡೂರು ಕಲ್ಲು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳೂ ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ಆ ಭಾಗಗಳು ತೆಲಂಗಾಣದಲ್ಲಿವೆ. ಮನುಷ್ಯರನ್ನು ಎರಡು ರಾಜ್ಯಗಳಿಗೆ ಹಂಚಿದ ಗೆರೆ ಕಲ್ಲಿನ ಪದರವನ್ನೂ ಮೇಲಿಂದ ಹಾದುಹೋಯಿತು. ನೆಲದೊಳಗೆ ಅದಕ್ಕೆ ಅದರ ಸುದ್ದಿ ತಿಳಿದಂತಿಲ್ಲ.

ಈ ಬಂಡೆಯನ್ನು ಕೀಳುವುದೇಕೆಂದು ನಮಗೆ ಅರ್ಥವಾಗುವುದಿಲ್ಲ. ಒಂದು ಒಂದೂವರೆ ಅಂಗುಲ ದಪ್ಪದ, ಕೆಳಗೆ ಗಟ್ಟಿಯಾದ ಪಾಯವಿರುವ ಬಂಡೆ ವ್ಯಾಯಾಮದ ಕೋಣೆಗೆ ತಳಹದಿಯಾಗಿ ಅತ್ಯುತ್ತಮ. ಭಾರಕ್ಕೆ ತಗ್ಗುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ, ರಾಯಚೂರು–ಗದ್ವಾಲ ಸೀಮೆಯ ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಕೋಣೆಯನ್ನು ತಂಪಾಗಿಡುತ್ತದೆ. ಒರಟು ಮೇಲ್ಮೈಯ ಬಂಡೆಯಾದರೆ ಬೆವರಿನ ಕಾಲೂ ಒಡನೆ ಜಾರುವುದಿಲ್ಲ. ಮೆರುಗು ಕೊಟ್ಟ ಬಂಡೆ ಮಾತ್ರ ಒದ್ದೆಯಾದಾಗ ಜಾರುತ್ತದೆ. ಆದುದರಿಂದ ಈ ಒಂದು ಕೋಣೆಗೆ ಪಾಲಿಷ್ ಮಾಡಿಸಬಾರದು. ಕಲೆ ಹೋಗಲೆಂದು ನಿಂಬೆಹುಳಿಯನ್ನೋ ಆಸಿಡ್ಡನ್ನೋ ಹಾಕಿ ತಿಕ್ಕಬಾರದು. ಸುಣ್ಣದ ಕಲ್ಲಿಗೆ ಹುಳಿ ತಾಗಿದರೆ ನೊರೆಯೆದ್ದು ಮೇಲ್ಮೈ ಕೊರೆದುಹೋಗುತ್ತದೆ. ಸಾಬೂನಿನ ನೀರು ಸಾಕು.

ಮಗ ಬಯಸುವ ಹೊಳಪಿನ ಟೈಲಿಗೆ ಎರಡು ದೋಷ. ಬೆವರಿನ ನಾಲ್ಕು ಹನಿ ಬಿದ್ದರೆ, ಅಥವಾ ಅಭ್ಯಂಜನದ ಎಣ್ಣೆ ಕಾಲಿಗೆ ಹತ್ತಿದ್ದರೆ, ಅದರ ಮೇಲೆ ನಿಲ್ಲುವುದೇ ಒಂದು ವ್ಯಾಯಾಮವಾಗುತ್ತದೆ. ಎರಡನೆಯದಾಗಿ, ಟೈಲು ತೆಳ್ಳಗಿನದು. ಅಂಟಿಸುವಾಗ ಗೌಂಡಿ ಒಂದೆಡೆ ಸಿಮೆಂಟು ತುಂಬದೆ ಪೊಳ್ಳು ಬಿಟ್ಟಿದ್ದರೆ, ಭಾರವಾದುದೇನಾದರೂ ಬಿದ್ದಾಗ ಸರಿಯಾಗಿ ಅಲ್ಲಿಯೇ ಒಡೆಯುತ್ತದೆ. ಹಳೆಯ ಕೆಂಪು ಸಿಮೆಂಟಿನ ನೆಲ, ಗಚ್ಚಿನ ನೆಲಗಳು ನಯವಾಗಿದ್ದಷ್ಟೂ ಜಾರುವವೇ. ಗ್ರಾನೈಟು ದುಬಾರಿ, ಮೇಲಾಗಿ ಹೊಳಪಿನದು. ಅದನ್ನು ಬೇರೆ ಕೋಣೆಗೆ ಇಟ್ಟುಕೊಳ್ಳಲಿ. ಮರದ ಹಲಗೆಯ ನೆಲ ಕಾಲಿಗೆ ಹಿತವೆಂಬುದು ನಿಜ. ಒಲಿಂಪಿಕ್ಸಿನಲ್ಲಿ ಭಾರ ಎತ್ತುವವರಿಗೂ 4 ಮೀಟರು ಚೌಕದ ವೇದಿಕೆಯನ್ನು ಕೊಡುತ್ತಾರೆ. ನಮ್ಮ ಸೀಮೆಯ ಗೆದ್ದಲಿಗೆ ಮಾತ್ರ ಅದು ಔತಣ.

ಬೀಳುವುದು ಯಾವುದು?

ಹಾಗಾದರೆ ಬಂಡೆಯ ಮೇಲೆಯೇ ಎಲ್ಲ ವ್ಯಾಯಾಮವೂ ನಡೆಯಬೇಕೆ? ನಡೆಯಬಾರದು. ಬಂಡೆ ತಳಹದಿ ಮಾತ್ರ; ಅದರ ಮೇಲೆ ಹಾಸು ಬೇಕು. ಯಾವ ಹಾಸು ಎಂಬುದು ಅಲ್ಲಿ ಏನು ಬೀಳುತ್ತದೆಂಬುದನ್ನು ಅವಲಂಬಿಸಿದೆ.

ಮೊದಲು ಕಬ್ಬಿಣವನ್ನು ನೋಡೋಣ. 10 ಕಿಲೋ ತೂಕದ ಡಂಬೆಲ್ಲೊಂದು ಸೊಂಟದೆತ್ತರದಿಂದ, ಎಂದರೆ ಸುಮಾರು 1 ಮೀಟರಿನಿಂದ, ಕೈಜಾರಿ ಬಿದ್ದಿತೆನ್ನೋಣ. ಕೆಳಗಿರುವ ಹಾಸು 1 ಸೆಂಟಿಮೀಟರು ಅದುಮಿಕೊಂಡು ಅದನ್ನು ತಡೆದರೆ, ತಡೆಯುವ ಹೊತ್ತಿನಲ್ಲಿ ನೆಲದ ಮೇಲೆ ಬೀಳುವ ಸರಾಸರಿ ಒತ್ತು ಅದರ ತೂಕದ ಸುಮಾರು 100 ಪಟ್ಟು, ಎಂದರೆ 1,000 ಕಿಲೋ ಭಾರದಷ್ಟು. ಹಾಸಿಲ್ಲದೆ ಬರಿಯ ಕಲ್ಲಿನ ಮೇಲೆ ಬಿದ್ದು 1 ಮಿಲಿಮೀಟರಿನಲ್ಲಿಯೇ ನಿಂತರೆ ಅದೇ ಒತ್ತು 10,000 ಕಿಲೋವಿನಷ್ಟಾಗುತ್ತದೆ. ಮಣ್ಣನ್ನು ಅಗೆದು ಸಡಿಲಿಸುತ್ತಿದ್ದ ಉಸ್ತಾದರು ಈ ಲೆಕ್ಕವನ್ನು ಕಾಗದದ ಮೇಲೆ ಬರೆದಿರಲಿಲ್ಲ. ಆದರೆ ಅವರ ಗುದ್ದಲಿ ಮಾಡುತ್ತಿದ್ದುದು ಇದೇ ಲೆಕ್ಕವನ್ನು. ತಡೆಯುವ ಅಂತರ ಹೆಚ್ಚಿದಷ್ಟೂ ಪೆಟ್ಟು ತಗ್ಗುತ್ತದೆ; ಮೂಳೆಗೂ ಇದೇ ನಿಯಮ, ಬಂಡೆಗೂ ಇದೇ ನಿಯಮ.

ಆದುದರಿಂದ ಕಬ್ಬಿಣ ಎತ್ತುವ ಮೂಲೆಗೆ ದಪ್ಪನೆಯ ಗಟ್ಟಿ ರಬ್ಬರಿನ ಹಾಸು ಬೇಕು. ಅದಕ್ಕಾಗಿ ನಗರದ ವ್ಯಾಯಾಮ ಸಾಮಗ್ರಿಯ ಅಂಗಡಿಗಳಿಗೆ ಹೋಗಿ ಕೈಸುಟ್ಟುಕೊಳ್ಳಬೇಕಾಗಿಲ್ಲ. ಹೈನು ಮಾಡುವವರು ಕೊಟ್ಟಿಗೆಯಲ್ಲಿ ಎಮ್ಮೆ ಆಕಳುಗಳ ಕಾಲಡಿಗೆ ಹಾಸುವ ರಬ್ಬರಿನ ಹಾಸುಂಟಲ್ಲವೆ, ಆರೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದೂವರೆ ಸೆಂಟಿಮೀಟರಿನಷ್ಟು ದಪ್ಪದ್ದು, ಇಬ್ಬರು ಹಿಡಿದೇ ಎತ್ತಬೇಕಾದಷ್ಟು ಭಾರದ್ದು, ಅದೇ ಸಾಕು. ನಾಲ್ಕು ನೂರು ಕಿಲೋ ತೂಗುವ ಎಮ್ಮೆ ದಿನವೆಲ್ಲ ಗೊರಸಿನಿಂದ ತುಳಿದರೂ ಕೆಡದ ಹಾಸು ನಮ್ಮ ಯುವಕರ ಡಂಬೆಲ್ಲಿಗೆ ಹೆದರಲಾರದು. ಹೆಸರಿನಲ್ಲಿ ಮರ್ಯಾದೆ ಸಾಲದೆಂದು ಮಗನಿಗೆ ಅನಿಸಿದರೆ, ಅದು ಎಲ್ಲಿಂದ ಬಂದಿತೆಂದು ಗೆಳೆಯರಿಗೆ ಹೇಳದಿದ್ದರಾಯಿತು. ಹೊಸದರಲ್ಲಿ ರಬ್ಬರಿನ ನಾತ ಇರುತ್ತದೆ. ನಾಲ್ಕಾರು ದಿನ ನೆರಳಿನಲ್ಲಿ, ಗಾಳಿಯಲ್ಲಿ ಇಟ್ಟು ತೊಳೆದು ಒಳಗೆ ತರಬೇಕು. ಬಿಸಿಲಿಗೆ ಹಾಕಬಾರದು, ಬಿಸಿಲು ರಬ್ಬರನ್ನು ಒಣಗಿಸಿ ಸೀಳುತ್ತದೆ.

ಇನ್ನು ದೇಹ. ಬಸ್ಕಿ ತೆಗೆಯುವಾಗ, ಭಾರ ಹೊತ್ತು ನಿಲ್ಲುವಾಗ ಕಾಲಡಿ ಮೆತ್ತಗಿರಬಾರದು. ಹಳೆಯ ಗಾದಿಯ ಮೇಲೆ ಒಂಟಿಕಾಲಿನಲ್ಲಿ ನಿಂತು ನೋಡಿದವರಿಗೆ ಇದರ ಕಾರಣ ತಿಳಿಯುತ್ತದೆ: ಹಿಮ್ಮಡಿ ಒಂದು ಕಡೆ ವಾಲುತ್ತದೆ, ಮೊಣಕಾಲು ಇನ್ನೊಂದು ಕಡೆ ತಿರುಚುತ್ತದೆ. ಬಣ್ಣಬಣ್ಣದ ಚೌಕಗಳಾಗಿ ಬರುವ, ಒಂದಕ್ಕೊಂದು ಹಲ್ಲು ಸಿಕ್ಕಿಸಿ ಜೋಡಿಸುವ ಫೋಮಿನ ಹಾಸುಗಳಿಗೂ ಇದೇ ದೋಷ. ಮಲಗಿ ಕುಳಿತು ಮಾಡುವ ವ್ಯಾಯಾಮಕ್ಕೆ, ಮಕ್ಕಳ ಲಾಗಗಳಿಗೆ ಅವು ಹಿತಕರ; ಕಬ್ಬಿಣ ಇಟ್ಟರೆ ತಗ್ಗುಬಿದ್ದು ಮೇಲೇಳುವುದೇ ಇಲ್ಲ.

ಆಸನಗಳ ವಿಚಾರ ಬೇರೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದ ಕಾಲಕ್ಕೆ ಇಂದಿನ ಅಂಟುವ ಹಾಸುಗಳು ಇರಲಿಲ್ಲ. ಅವರ ಶಿಷ್ಯರಾಗಿದ್ದ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರರು 1966ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಆಸನಗಳನ್ನು ಬರಿನೆಲದ ಮೇಲಾಗಲಿ ಏರುಪೇರಾದ ಕಡೆಯಾಗಲಿ ಮಾಡದೆ, ಸಮನಾದ ನೆಲದ ಮೇಲೆ ಮಡಿಚಿ ಹಾಸಿದ ಕಂಬಳಿಯ ಮೇಲೆ ಮಾಡಬೇಕೆಂದು ತಿಳಿಸಿದ್ದಾರೆ. ಅಂಟುವ ಹಾಸು ಆಮೇಲಿನದು. ಪಶ್ಚಿಮದ ಯೋಗಾಭ್ಯಾಸಿಗಳು ಜರ್ಮನಿಯಲ್ಲಿ ರತ್ನಗಂಬಳಿ ಜಾರದಿರಲೆಂದು ಅದರಡಿಗೆ ಹಾಕುತ್ತಿದ್ದ ಹಾಳೆಯನ್ನು ಕತ್ತರಿಸಿಕೊಂಡು ಬಳಸಿದುದರಿಂದ ಅದು ಹುಟ್ಟಿಕೊಂಡಿತು.

ನಮ್ಮ ಮನೆಗಳಲ್ಲಿ ಕಂಬಳಿಗೂ ಜಮಖಾನಕ್ಕೂ ಕೊರತೆಯಿಲ್ಲ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನದ ಹೆಸರು ಗಡಿಯಾಚೆಗೂ ಪ್ರಸಿದ್ಧವಾದುದು. ಆದರೆ ಹತ್ತಿಯ ಜಮಖಾನ ನಯವಾದ ನೆಲದ ಮೇಲೆ ಸರಿಯುತ್ತದೆಂಬುದನ್ನು ಮರೆಯಬಾರದು. ಸೂರ್ಯನಮಸ್ಕಾರದಲ್ಲಿ ಕಾಲನ್ನು ಹಿಂದಕ್ಕೆ ಚಾಚುವಾಗ ಹಾಸು ಸರಿದರೆ ತೊಡೆಯ ಸಂದು ಉಳುಕುತ್ತದೆ. ಪರೀಕ್ಷೆ ಸುಲಭ: ಹಾಸಿನ ಮೇಲೆ ಎರಡೂ ಅಂಗೈ ಊರಿ, ಮೈಭಾರ ಹಾಕಿ ಮುಂದಕ್ಕೆ ನೂಕಿ ನೋಡಬೇಕು. ಸರಿದರೆ ಅದರಡಿಗೆ ತೆಳುವಾದ ರಬ್ಬರಿನ ಹಾಳೆ ಹಾಕಬೇಕು. ನಮ್ಮ ಕಡೆಯ ಕುರಿಯುಣ್ಣೆಯ ಕರಿ ಕಂಬಳಿ ಭಾರವಾಗಿದ್ದು ಮುದುರಿಕೊಳ್ಳದೆ ಬೀಳುತ್ತದೆ. ಮೊಣಕಾಲೂರುವ ಆಸನಗಳಿಗೆ ಅದನ್ನು ನಾಲ್ಕು ಮಡಿಕೆ ಮಾಡಿಟ್ಟುಕೊಂಡರೆ ಬೇರೆ ಮೆತ್ತೆಯೇ ಬೇಡ. ಚುಚ್ಚುತ್ತದೆಂದು ಸೊಸೆಯಂದಿರು ದೂರಿದರೆ ಮೇಲೊಂದು ಹಳೆಯ ಸೀರೆ ಹೊದಿಸಬಹುದು. ಅಂಚುಗಳನ್ನು ಮಾತ್ರ ಕಂಬಳಿಗೆ ಹೊಲಿದುಬಿಡಬೇಕು.

ಮನೆಯಲ್ಲಿಯೇ ವ್ಯಾಯಾಮ ಮಾಡುವುದು ಈಚಿನ ಹುಚ್ಚೆಂದು ಹಿರಿಯರು ತಿಳಿಯಬಾರದು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ. ವಿ. ಅಯ್ಯರರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದುದರ ಜೊತೆಗೆ, ಸ್ವಾತಂತ್ರ್ಯಪೂರ್ವದಲ್ಲಿಯೇ ಅಂಚೆಯ ಮೂಲಕ ದೂರದೂರಿನವರಿಗೂ ವ್ಯಾಯಾಮದ ಪಾಠಗಳನ್ನು ಕಳುಹಿಸುತ್ತಿದ್ದರು. ಆ ಪಾಠಗಳು ತಲಪಿದ ಮನೆಗಳಲ್ಲಿ ಕೋಣೆಯ ಮೂಲೆಯೇ ಗರಡಿಯಾಗಿರಬೇಕಲ್ಲವೆ?

ಅಂಚಿನ ಅಪಾಯ

ಇನ್ನು ಯಜಮಾನಿಯ ಮಾತು. ಈ ಕೋಣೆಯಲ್ಲಿ ಬೀಳಬಾರದವರು ಅವರೊಬ್ಬರೇ. ಅರವತ್ತು ದಾಟಿದ ಹೆಂಗಸರ ಮೂಳೆ ಟೊಳ್ಳಾಗಿರುತ್ತದೆ. ಒಮ್ಮೆ ಜಾರಿ ಬಿದ್ದು ತೊಡೆಯ ಮೇಲ್ಭಾಗದ ಮೂಳೆ ಮುರಿದರೆ ಹಾಸಿಗೆ ಹಿಡಿಯಬೇಕಾಗುತ್ತದೆ, ಅನೇಕರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಆದುದರಿಂದ ಮನೆಯ ಯಾವ ವ್ಯಾಯಾಮದ ಸಾಧನಕ್ಕಿಂತಲೂ ಅವರ ಹೆಜ್ಜೆಗೆ ಮೊದಲ ಮರ್ಯಾದೆ ಸಲ್ಲಬೇಕು.

ಅವರಿಗೆ ಅಪಾಯವಿರುವುದು ಜಾರುವ ನೆಲದಿಂದ ಮಾತ್ರವಲ್ಲ. ಹಾಸಿನ ಅಂಚಿನಿಂದಲೂ ಅಷ್ಟೇ ಅಪಾಯ. ಒಂದೂವರೆ ಸೆಂಟಿಮೀಟರಿನ ಅಂಚು ಯುವಕರ ಕಣ್ಣಿಗೆ ಬೀಳುವುದೇ ಇಲ್ಲ. ಕಾಲೆಳೆದು ನಡೆಯುವವರ ಹೆಬ್ಬೆರಳು ಸರಿಯಾಗಿ ಅಲ್ಲಿಯೇ ತಗಲುತ್ತದೆ. ಮೂಲೆ ಸುರುಳಿಗೊಂಡು ಮೇಲೆದ್ದ ಹಾಸಂತೂ ಬಲೆಯೇ ಸರಿ. ಇದಕ್ಕೆ ಉಪಾಯವೆಂದರೆ ರಬ್ಬರಿನ ಹಾಸನ್ನು ಬಾಗಿಲಿನಿಂದ ದೂರದ ಮೂಲೆಗೆ, ಎರಡು ಗೋಡೆಗಳಿಗೆ ತಾಗಿಸಿ ಹಾಕುವುದು. ಓಡಾಡುವ ದಾರಿಯನ್ನು ಬರಿಯ ಬಂಡೆಯಾಗಿಯೇ ಉಳಿಸುವುದು. ಆಸನದ ಹಾಸನ್ನು ಅಭ್ಯಾಸ ಮುಗಿದೊಡನೆ ಸುತ್ತಿ ಗೂಟಕ್ಕೆ ತೂಗುಹಾಕುವುದು. ರಬ್ಬರು ಕರಿಯದು, ಬಂಡೆ ಬೂದುಬಣ್ಣದ್ದು. ಸಂಜೆಗತ್ತಲಿನಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ. ಅಂಚಿನ ಉದ್ದಕ್ಕೂ ನಾಲ್ಕು ಬೆರಳಗಲ ಬಿಳಿಯ ಬಣ್ಣ ಬಳಿದರೆ ಮುಪ್ಪಿನ ಕಣ್ಣಿಗೂ ಕಾಣುತ್ತದೆ.

ಅವರ ಕಾಲಿನ ವ್ಯಾಯಾಮಕ್ಕೆ ನೆಲದ ಮೇಲೆ ಮಲಗಲೇಬೇಕೆಂಬ ನಿಯಮವಿಲ್ಲ. ನೆಲದಿಂದ ಏಳುವುದೇ ಕಷ್ಟವಾದವರು ಗಟ್ಟಿ ಮಂಚದ ಮೇಲೆಯೋ ಕುರ್ಚಿಯ ಮೇಲೆಯೋ ಮಾಡಬಹುದೇ ಎಂದು ವೈದ್ಯರನ್ನು ಕೇಳಿ ತಿಳಿಯಬೇಕು. ಕುರ್ಚಿಯಾದರೆ ಅದರ ಬೆನ್ನು ಗೋಡೆಗೆ ತಾಗಿರಲಿ, ನಾಲ್ಕು ಕಾಲೂ ರಬ್ಬರಿನ ಮೇಲಿರಲಿ. ಪ್ಲಾಸ್ಟಿಕ್ಕಿನ ಹಗುರ ಕುರ್ಚಿ ಬೇಡ.

ಹಾಸನ್ನು ಒಮ್ಮೆ ಹಾಕಿ ಮರೆಯುವಂತಿಲ್ಲವೆಂದೂ ಹೇಳಬೇಕು. ಅದರಡಿಯಲ್ಲಿ ತೇವ ಸೇರುತ್ತದೆ, ಬಂಡೆಗೆ ಕಪ್ಪು ಕಲೆ ಹತ್ತುತ್ತದೆ. ನಮ್ಮ ಸೀಮೆಯಲ್ಲಿಯಂತೂ ತಂಪಾದ ಕತ್ತಲೆಯ ಸಂದು ಕಂಡರೆ ಚೇಳು ಬಂದು ಮನೆ ಮಾಡುತ್ತದೆ. ಗುರುಮಠಕಲ್ಲಿನ ಬಳಿಯ ಕಂದಕೂರಿನಲ್ಲಿ ನಾಗರಪಂಚಮಿಯ ದಿನ ಭಕ್ತರು ಚೇಳುಗಳನ್ನು ಅಂಗೈ ಮೇಲೆ ಆಡಿಸುವುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ಉಳಿದ ದಿನಗಳಲ್ಲಿ, ಬರಿಗಾಲಿನಲ್ಲಿ ಆಸನ ಹಾಕುವ ಕೋಣೆಯಲ್ಲಿ, ಆ ಭೇಟಿ ಬೇಡ. ವಾರಕ್ಕೊಮ್ಮೆ ಇಬ್ಬರು ಸೇರಿ ಹಾಸನ್ನೆತ್ತಿ ಗುಡಿಸಿ ಒಣಗಿಸಬೇಕು.

ಪಟ್ಟಣಗಳಲ್ಲಿ ಮಹಡಿಯ ಮನೆಗಳಲ್ಲಿರುವ ನಮ್ಮವರಿಗೂ ಒಂದು ಮಾತು. ವಾಸದ ಕೋಣೆಗಳ ಮೇಲ್ಮಹಡಿಯ ನೆಲವನ್ನು ಭಾರತೀಯ ಮಾನಕದಂತೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರವನ್ನು ಲೆಕ್ಕಹಿಡಿದು ಕಟ್ಟುತ್ತಾರೆ. ವ್ಯಾಯಾಮಶಾಲೆಗೆ ಹಿಡಿಯುವ ಭಾರ ಅದರ ಎರಡು ಪಟ್ಟಿಗೂ ಮಿಕ್ಕಿದ್ದು. ಕಬ್ಬಿಣವನ್ನೆಲ್ಲ ಒಂದೇ ಕಡೆ ರಾಶಿ ಹಾಕದೆ ಗೋಡೆಯ ಬದಿಗೆ ಹಂಚಿಡಬೇಕು. ಹಳ್ಳಿಯ ಹಳೆಯ ಮಣ್ಣಿನ ಮಾಳಿಗೆಯ ಮೇಲಂತೂ, ತೊಲೆ ಜಂತಿಗಳು ಎಷ್ಟೇ ಗಟ್ಟಿಯಾಗಿ ಕಾಣಲಿ, ಭಾರ ಎತ್ತುವ ಸಾಹಸವೇ ಕೂಡದು.

ಮಗ್ಗದ ಕುಣಿ

ಗಟ್ಟಿನ ಆ ಕೋಣೆಗೆ ಇನ್ನೊಂದು ವಿಶೇಷವಿದೆ. ಗದ್ವಾಲ ಸೀರೆ ನೇಯುವ ಎಲ್ಲ ಊರುಗಳ ಓದುಗರಿಗೂ ಅದು ಉಪಯುಕ್ತವಾದೀತು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಸೆರಗುಗಳನ್ನು ಕೂಡಿಸುವ ಆ ಸೀರೆಯನ್ನು ನೇಯುವ ಹಳೆಯ ಮಗ್ಗ ನೆಲದಲ್ಲಿ ಕುಣಿ ತೋಡಿ ಹೂಡುವಂತಹುದು. ನೇಕಾರ ನೆಲಮಟ್ಟದಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ಕಾಲುಮಣೆ ಒತ್ತುತ್ತಾನೆ. ದಿನಕ್ಕೆ ಎಂಟು ಹತ್ತು ತಾಸು ಹೀಗೆ ಬಾಗಿ ಕುಳಿತವರ ಬೆನ್ನು, ಭುಜ, ಕುತ್ತಿಗೆಗಳಿಗೆ ವ್ಯಾಯಾಮದ ಅಗತ್ಯ ಬೇರೆಯವರಿಗಿಂತ ಹೆಚ್ಚು. ಮಗ್ಗ ಹೋದ ಮೇಲೆ ಆ ಕುಣಿಯನ್ನು ಕಸ, ಇಟ್ಟಿಗೆ ಚೂರು, ಹಿತ್ತಲಿನ ಮಣ್ಣು ಏನಾದರೊಂದರಿಂದ ತುಂಬಿ ಮೇಲೆ ಬಂಡೆ ಮುಚ್ಚಿಬಿಡುವುದು ರೂಢಿ. ಒಂದು ಮಳೆಗಾಲ ಕಳೆಯುವುದರೊಳಗೆ ಒಳಗಿನ ಮಣ್ಣು ಕುಸಿದು ಬಂಡೆಯಡಿ ಪೊಳ್ಳಾಗುತ್ತದೆ. ಮೇಲಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಭಾರ ಬಿದ್ದ ದಿನ ಬಂಡೆ ಎರಡು ಹೋಳಾಗಿ ಒಳಗಿಳಿಯುತ್ತದೆ. ನಿಂತವನ ಕಾಲೂ ಅದರೊಡನೆ ಇಳಿಯುತ್ತದೆ.

ಆದುದರಿಂದ ಹಾಸು ಕೊಳ್ಳುವುದಕ್ಕೆ ಮೊದಲು ಒಂದು ಕಬ್ಬಿಣದ ಸರಳನ್ನೋ ಒನಕೆಯನ್ನೋ ಹಿಡಿದು ಕೋಣೆಯ ಪ್ರತಿಯೊಂದು ಬಂಡೆಯನ್ನೂ ಮೆಲ್ಲಗೆ ಕುಟ್ಟಿ ನೋಡಬೇಕು. ತುಂಬಿದ ಕಡೆ ಸದ್ದು ಮೊಂಡಾಗಿರುತ್ತದೆ. ಪೊಳ್ಳಿರುವ ಕಡೆ ಮಡಕೆ ಬಡಿದಂತೆ ಕೇಳಿಸುತ್ತದೆ. ಪೊಳ್ಳಿರುವ ಬಂಡೆಗಳಿಗೆ ಸುಣ್ಣದಿಂದ ಗುರುತು ಹಾಕಿ, ಅವನ್ನಷ್ಟೇ ಒಡೆಯದೆ ಎಬ್ಬಿಸಿ, ಒಳಗಿನದನ್ನೆಲ್ಲ ತೆಗೆಯಬೇಕು. ಮತ್ತೆ ತುಂಬುವಾಗ ಎರೆಮಣ್ಣು ಹಾಕಲೇಬಾರದು. ಅದು ನೀರು ಕುಡಿದಾಗ ಉಬ್ಬಿ ಬಂಡೆಯನ್ನು ಎತ್ತುತ್ತದೆ, ಒಣಗಿದಾಗ ಬಿರಿದು ಕೈಬಿಡುತ್ತದೆ. ಗರಸನ್ನು ಅರ್ಧ ಅಡಿಯ ಪದರಗಳಲ್ಲಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಿಮ್ಮಸು ಹೊಡೆಯಬೇಕು. ಇಲ್ಲವೆ ಶುದ್ಧ ಮರಳನ್ನು ತುಂಬಿ ನೀರು ಬಿಟ್ಟು ಇಳಿಸಬೇಕು. ಎರಡು ದಿನ ಬಿಟ್ಟು, ಇಳಿದಷ್ಟನ್ನು ಮತ್ತೆ ತುಂಬಿ, ರಸಮಟ್ಟ ಹಿಡಿದು ಅದೇ ಬಂಡೆಗಳನ್ನು ಕೂಡಿಸಿದರೆ ಗೌಂಡಿಯ ಎರಡು ದಿನದ ಕೂಲಿಯಲ್ಲಿ ಕೆಲಸ ಮುಗಿಯುತ್ತದೆ. ಇಡೀ ಕೋಣೆಗೆ ಟೈಲು ಹಾಕಿಸುವ ಹಣದಲ್ಲಿ ಇದೂ ಆಗಿ, ಎರಡು ಕೊಟ್ಟಿಗೆಯ ಹಾಸೂ ಬಂದು, ಇನ್ನೂ ಉಳಿದೀತು.

ಈ ಎರಡರಲ್ಲಿ ನಮ್ಮ ಒಲವು ಮರಳಿನ ಕಡೆಗೆ. ಕುಣಿಯ ಗೋಡೆಗೆ ಹಿರಿಯರು ಕಟ್ಟಿಸಿದ ಕಲ್ಲಿನ ಕಟ್ಟಡ ಇನ್ನೂ ನೆಟ್ಟಗಿದ್ದರೆ ಅದನ್ನು ಒಡೆಯದೆ ಹಾಗೆಯೇ ಬಿಟ್ಟು, ಮರಳು ತುಂಬಿ, ಮೇಲಿನ ಬಂಡೆಯನ್ನು ಸಿಮೆಂಟಿನಿಂದ ಬಿಗಿಯದೆ ಸುಣ್ಣದ ಗಾರೆಯಲ್ಲಿ ಕೂಡಿಸುವುದು ಮೇಲು. ಸೊಸೆ ನೇಕಾರರ ಮಗಳೇ ಎಂದು ಯಜಮಾನರು ತಿಳಿಸಿದ್ದಾರೆ. ಮುಂದೆಂದಾದರೂ ಆಕೆ ಮಗ್ಗ ಹೂಡಬೇಕೆಂದು ಬಯಸಿದರೆ ಬಂಡೆಯೆತ್ತಿ ಮರಳು ತೆಗೆಯಲು ಅರ್ಧ ದಿನ ಸಾಕು.